ಹದ ನೋಡುವ ನಾಲಿಗೆ, ಆರದ ಗಾಯ

ಬಿಸಿ ಪಾಕ ಕಾಲಿನ ಮೇಲೆ ಸಿಡಿದದ್ದು ನನಗೆ ಗೊತ್ತೇ ಆಗಲಿಲ್ಲ.

ಮನೆಗೆ ಬಂದು ಕಾಲು ತೊಳೆಯುವಾಗ ಹೆಂಡತಿ ಈರಮ್ಮ ಕೂಗಿಕೊಂಡಳು. ಹೆಬ್ಬೆರಳ ಮೇಲೆ ದೊಡ್ಡ ಬೊಬ್ಬೆ. ನೋವಿರಲಿಲ್ಲ. ನನ್ನದು ಗಟ್ಟಿ ಕಾಲು ಎಂದು ಜಂಬ ಕೊಚ್ಚಿಕೊಂಡೆ. ಸಕ್ಕರೆ ಕಾಯಿಲೆಗೆ ಕಾಲು ಜೋಮು ಹಿಡಿದದ್ದು ಎಂದು ತಿಳಿಯದ ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಎರಡು ತಿಂಗಳಾದರೂ ಗಾಯ ಆರಲಿಲ್ಲ. ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಶುಗರ್ ರಿಪೋರ್ಟ್ ನೋಡಿದರು.

"ಹಿಂಗ ಆದ್ರ ಬೆರಳು ತೆಗೀಬೇಕಾಗ್ತೈತ್ರಿ."

"ಮಾತ್ರೆ ತಪ್ಸಿಲ್ರಿ. ಚಾಕ್ಕೂ ಸಕ್ರಿ ಹಾಕ್ಕೊಳ್ಳಂಗಿಲ್ಲ," ಅಂದೆ.

"ಹದ ನೋಡೂದು ಹೇಳ್ರಿ," ಅಂದಳು ಈರಮ್ಮ.

ಕಮಲಾಪುರದ ಹತ್ತಿರ ನಮ್ಮದು ಬೆಲ್ಲದ ಗಾಣ. ಕಬ್ಬಿನ ಹಾಲು ಕುದಿದು ಪಾಕವಾಗುವಾಗ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಗುಂಡಾದದ್ದನ್ನು ಬಾಯಿಗೆ ಹಾಕಿ ಹದ ಹೇಳಬೇಕು. ಚಿಕ್ಕವನಿದ್ದಾಗ ಅಪ್ಪ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು. ಆ ಹೊಗೆ, ಬಾಳೆತೋಟದಿಂದ ಬರುವ ತಂಗಾಳಿ, ನಾಲಿಗೆಯ ಮೇಲೆ ಕರಗುವ ಗುಂಡು, "ಹೇಳಲೇ, ಇಳಸೂದೋ ಬ್ಯಾಡೋ?" ಎನ್ನುವ ಅಪ್ಪನ ದನಿ. ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ದಿನಕ್ಕೆ ನಾಲ್ಕು ಕೊಪ್ಪರಿಗೆ, ಒಂದೊಂದಕ್ಕೂ ನಾಲ್ಕೈದು ಸಲ. ಅದು ಕೆಲಸ. ತಿನ್ನುವುದು ಎಂದು ನಮಗ್ಯಾರಿಗೂ ಅನ್ನಿಸಿರಲೇ ಇಲ್ಲ.

ಇದನ್ನೆಲ್ಲ ಹೇಳಿದಾಗ ಡಾಕ್ಟರಮ್ಮ ನಗಲಿಲ್ಲ.

"ಗಾಯ ಆದ್ರ ಬಿಳಿ ರಕ್ತಕಣ ಓಡಿ ಬರ್ತಾವ್ರಿ. ಮೊದ್ಲು ಕ್ರಿಮಿ ಕೊಲ್ತಾವು. ಆಮ್ಯಾಲ ಸುತ್ತಲಿನ ಪರಿಸ್ಥಿತಿ ನೋಡಿ, ಅವುಗಳಾಗ ಕೆಲವು ಗುಣ ಬದಲಿಸಿ, ಕಸ ತೆಗೆದು ಹೊಸ ಮಾಂಸ ಬೆಳ್ಯಾಕ ನೆರವಾಗ್ತಾವು. ನಿಮ್ ರಕ್ತದಾಗ ಇಷ್ಟು ಸಕ್ರಿ ಇದ್ರ ಅವು ಜಗಳದಾಗೇ ಉಳೀತಾವು, ರಿಪೇರಿಗೆ ಇಳಿಯಂಗಿಲ್ರಿ."

ನನ್ನ ಮೈಯೊಳಗೇ ಇದ್ದ ರಿಪೇರಿಯವರನ್ನು ನಾನೇ ಕೆಡಿಸಿದ್ದೆ.

ಹದ ನೋಡುವುದು ಬಿಟ್ಟೆ. ಹೇಳಿದಷ್ಟು ಸುಲಭವಿರಲಿಲ್ಲ. ಇನ್ಸುಲಿನ್, ದಿನ ಬಿಟ್ಟು ದಿನ ಡ್ರೆಸಿಂಗ್, ಕಾಲು ಊರುವಂತಿಲ್ಲ. ಗಾಣದ ವಾಸನೆ ಬಂದರೆ ಕಿಟಕಿ ಮುಚ್ಚಿಸುತ್ತಿದ್ದೆ, ಈರಮ್ಮನ ಮೇಲೆ ಸುಮ್ಮನೆ ರೇಗುತ್ತಿದ್ದೆ. ಆರನೇ ವಾರ ಡಾಕ್ಟರಮ್ಮ ಗಾಯದ ತಳ ಕೆರೆದಾಗ ಕೆಂಪಗೆ ರಕ್ತ ಜಿನುಗಿತು.

"ಛಲೋ ಆತ್ರಿ! ಹೊಸ ಮಾಂಸ ಬರಾಕತ್ತೈತಿ."

ಬೆರಳು ಉಳಿಯಿತು. ನಾನು ಅಲ್ಲೇ ಅತ್ತೆ.

ಈ ಸಲದ ಹಂಗಾಮಿನ ಮೊದಲ ಕೊಪ್ಪರಿಗೆಗೆ ಬೂಟು ಹಾಕಿಕೊಂಡು ದೂರ ಕುರ್ಚಿಯಲ್ಲಿ ಕೂತೆ. ಹದದ ಗುಂಡನ್ನು ಆಳಿನ ಕೈಲಿ ಈರಮ್ಮನಿಗೆ ಕೊಡಿಸಿದೆ. "ನಂಗೇನ್ ತಿಳೀತೈತ್ರಿ," ಅನ್ನುತ್ತಲೇ ಬಾಯಿಗೆ ಹಾಕಿಕೊಂಡಳು.

"ಜಲ್ದಿ ಇಳಸ್ರಿ! ನೀವು ಯಾವಾಗ್ಲೂ ಒಂದ್ ಉಕ್ಕು ಜಾಸ್ತಿ ಬಿಡ್ತಿದ್ರಿ."

ಆಳುಗಳು ಕೊಪ್ಪರಿಗೆ ಇಳಿಸಿದರು. ಅಚ್ಚಿನಿಂದ ಬೆಲ್ಲ ಬಿಡಿಸಿದಾಗ ಅಪ್ಪನ ಕಾಲದ ಬಣ್ಣ ಬಂದಿತ್ತು. ಮದುವೆಯಾಗಿ ಮೂವತ್ತು ವರ್ಷ, ಹದ ಹೇಗಿದೆ ಎಂದು ಅವಳನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.