ಮಾವನ ಕಾಲಿನ ಮೂಳೆ

ನೀರಜಾಳ ಕೆಲಸ ಮೂಳೆ ಓದುವುದು. ಯುರೋಪಿನ ಒಂದು ಗುಡ್ಡದಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೂತವರ ಅಸ್ಥಿಪಂಜರಗಳು ಅಧ್ಯಯನಕ್ಕೆಂದು ಟೊರಾಂಟೊದ ಅವಳ ಲ್ಯಾಬಿಗೆ ಬಂದಿದ್ದವು. ಸೊಂಟದ ಮೂಳೆ ನೋಡಿ ಗಂಡೋ ಹೆಣ್ಣೋ ಹೇಳುತ್ತಿದ್ದಳು. ಹಲ್ಲಿನ ಗೆರೆ ನೋಡಿ ಯಾವ ಮಗು ಹೊಟ್ಟೆಗಿಲ್ಲದೆ ಬೆಳೆದದ್ದು ಎಂದು ಹೇಳುತ್ತಿದ್ದಳು. ಟೊರಾಂಟೊ ಪಕ್ಕದ ಮಿಲ್ಟನ್ ಊರಿನ ಮನೆಯಲ್ಲಿ ಮಾತ್ರ ಆ ಸುದ್ದಿ ಎತ್ತುವಂತಿರಲಿಲ್ಲ.

ಅತ್ತೆ ಶಾರದಮ್ಮನ ಕಾನೂನದು. ಸೊಸೆ ಗರಾಜಿನಿಂದ ಒಳಗೆ ಕಾಲಿಟ್ಟ ಕೂಡಲೇ, “ಏನೂ ಮುಟ್ಬೇಡ, ಮೊದ್ಲು ಸ್ನಾನ ಮಾಡ್ಕೊಂಡು ಬಾ” ಎನ್ನುವರು.

“ಗ್ಲೌಸ್ ಹಾಕ್ಕೊಂಡೇ ಮುಟ್ಟೋದು ಅತ್ತೆ.”

“ಮೈಲಿಗೆಗೆ ಗ್ಲೌಸ್ ಅಡ್ಡ ಬರತ್ತಾ?”

ಒಮ್ಮೆ ಊಟಕ್ಕೆ ಕೂತಾಗ ನೀರಜಾ ತಡೆಯಲಾರದೆ ಹೇಳಿಬಿಟ್ಟಳು. ಆ ಗುಡ್ಡದವನೊಬ್ಬನ ತೊಡೆಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆಮೇಲೂ ಬಹಳ ವರ್ಷ ಬದುಕಿದ್ದ, ಯಾರೋ ಕೂರಿಸಿ ಅನ್ನ ಹಾಕಿರಬೇಕು. ಮಾವ ಲಕ್ಷ್ಮೀನಾರಾಯಣರದೂ ಹಾಗೇ ಮುರಿದು ಕೂಡಿದ ಕಾಲು. ಮೈಸೂರಿನಲ್ಲಿ ಸ್ಕೂಟರಿನಿಂದ ಬಿದ್ದ ಅವರನ್ನು ಎತ್ತಿ ಕೂರಿಸಿ ನಡೆಸಿದವರು ಅತ್ತೆಯೇ. ಅತ್ತೆಗೆ ಖುಷಿಯಾದೀತೆಂದುಕೊಂಡಿದ್ದಳು ಪಾಪ.

“ಎಲೆ ಮುಂದೆ ಹೆಣದ ಮಾತು ಬೇಡ” ಎಂದರು ಶಾರದಮ್ಮ. ಅಂದಿನಿಂದ ಅವಳ ಬಾಯಿಗೆ ಬೀಗ ಬಿತ್ತು.

ಈ ಫೆಬ್ರವರಿಯಲ್ಲಿ ಮಾವ ಹೃದಯ ನಿಂತು ಹೋದರು. ಫ್ಯೂನರಲ್ ಹೋಮಿಗೆ ಹೋಗುವಾಗ ಕಾರಿನಲ್ಲಿ ಅತ್ತೆ ಒಂದೇ ಮಾತು ಹೇಳಿದರು: “ಊರಲ್ಲಾದ್ರೆ ಅಸ್ಥಿ ಎತ್ತೋಕೆ ಹೆಂಗಸರನ್ನ ಬಿಡಲ್ಲ. ಇಲ್ಲಿ ಯಾರಿದ್ದಾರೆ ಕೇಳೋಕೆ? ಆ ಕಾಲಿನ ಅಸ್ಥಿ ಮಾತ್ರ ನಾನೇ ಎತ್ತಿಡ್ತೀನಿ.”

ಅಲ್ಲಿನವನು ಆಶಸ್, ಅಂದರೆ ಬೂದಿ, ನಾಳೆ ಕೊಡುತ್ತೇವೆ ಎಂದ. ನೀರಜಾಳ ಗಂಡ ಶ್ರೀಕಾಂತ್ ತಲೆಯಾಡಿಸಿದ. ಆಶಸ್ ಎಂದರೆ ಅಸ್ಥಿಯೇ ಎಂದುಕೊಂಡಿದ್ದ ಅವನು. ಇಲ್ಲಿ ಬೆಂಕಿಯಲ್ಲಿ ಉಳಿದ ಮೂಳೆಯನ್ನು ಮೆಷಿನ್ನಿಗೆ ಹಾಕಿ ಪುಡಿ ಮಾಡುತ್ತಾರೆ, ಪುಡಿ ಬೇಡವೆಂದರೆ ಮೂಳೆಯನ್ನು ಹಾಗೇ ಕೊಡುತ್ತಾರೆ ಎಂಬುದು ಆ ಕೋಣೆಯಲ್ಲಿದ್ದ ಮನೆಯವರಲ್ಲಿ ನೀರಜಾಳಿಗೊಬ್ಬಳಿಗೇ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವರ ಮುಂದೆ ಮೂಳೆ ಎಂಬ ಮಾತು ಆಡುವಂತಿರಲಿಲ್ಲ. ಆಮೇಲೆ ಶ್ರೀಕಾಂತನಿಗೆ ಹೇಳೋಣವೆಂದುಕೊಂಡಳು. ಮನೆ ತುಂಬ ಜನ ಬಂದರು, ಆ ಆಮೇಲೆ ಬರಲೇ ಇಲ್ಲ.

ಮರುದಿನ ಅತ್ತೆ ಬೇಸ್‌ಮೆಂಟಿನಲ್ಲಿ ಹಾಲು, ನೀರು, ಹೊಸ ಬಟ್ಟೆ ಇಟ್ಟುಕೊಂಡು ಕಾದಿದ್ದರು. ಶ್ರೀಕಾಂತ್ ಡಬ್ಬಿ ತಂದು ಮುಚ್ಚಳ ತೆಗೆದ. ಒಳಗಿದ್ದದ್ದು ಬೂದು ಬಣ್ಣದ ಹಿಟ್ಟು.

ಶಾರದಮ್ಮ ಬೆರಳಾಡಿಸಿ ಹುಡುಕಿದರು. ಡಬ್ಬಿಯನ್ನು ಸೊಸೆಯ ಕಡೆ ತಳ್ಳಿದರು.

“ನಿಂಗೆ ಗೊತ್ತಾಗತ್ತಲ್ಲ. ಇದ್ರಲ್ಲಿ ಕಾಲೆಲ್ಲಿದೆ, ತೋರ್ಸು.”

“ಗೊತ್ತಾಗಲ್ಲ ಅತ್ತೆ. ಪುಡಿ ಮಾಡಿಬಿಟ್ಟಿದ್ದಾರೆ.”

“ಮಾಡ್ತಾರೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು. ಬೆರಳಿಗಂಟಿದ ಪುಡಿಯನ್ನೇ ನೋಡುತ್ತ ಕೇಳಿದರು: “ಅವತ್ತು ಹೇಳ್ತಿದ್ಯಲ್ಲ, ಕಾಲು ಮುರ್ಕೊಂಡವನು. ಅವನ ಮೂಳೆ ಇನ್ನೂ ಇದ್ಯಾ?”

“ಇದೆ ಅತ್ತೆ.”

“ಕೂಡ್ಕೊಂಡಿದ್ದು ಕಾಣತ್ತಾ?”

“ಕಾಣತ್ತೆ.”

“ಅವನ ಹೆಂಡ್ತಿ ಪುಣ್ಯವಂತೆ” ಎಂದು ಶಾರದಮ್ಮ ಹಾಲಿನ ಪಾತ್ರೆ ತೆಗೆದುಕೊಂಡು ಮೇಲೆ ಹೋದರು.

ಸೂತಕ ಕಳೆದ ಮೇಲೆ ನೀರಜಾ ಲ್ಯಾಬಿಗೆ ಹೋಗಿ ಬಂದಳು. ಗರಾಜಿನ ಬಾಗಿಲಲ್ಲಿ ಎಂದಿನಂತೆ ನಿಂತಳು. ಅತ್ತೆ ಒಳಗೆ ತರಕಾರಿ ಹೆಚ್ಚುತ್ತಿದ್ದರು. ಅವಳನ್ನು ಕಂಡರು, ಸ್ನಾನ ಮಾಡು ಎನ್ನಲಿಲ್ಲ.