ಮೋಟಾರು ಸುಟ್ಟವಳ ಲ್ಯಾಪ್‌ಟಾಪ್

ತಮಿಳು ಸೀಮೆಯ ಕಂಬಂ ಕಣಿವೆಯ ಗೂಡಲೂರಿನಲ್ಲಿ ತಂಗಮ್ಮಾಳ್ ಎಂಬ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಯಾವ ತಂಗಮ್ಮಾಳ್ ಎಂದು ಆಟೋದವನು ಕೇಳಿದರೆ "ಅದೇ ಕಣಪ್ಪ, ಮೋಟಾರು ಸುಟ್ಟವಳು" ಎಂದರೆ ಸಾಕು, ನೇರವಾಗಿ ದ್ರಾಕ್ಷಿ ಚಪ್ಪರದ ಬಾಯಿಗೇ ತಂದು ನಿಲ್ಲಿಸುತ್ತಾನೆ.

ಆ ಹೆಸರು ಅಂಟಿಕೊಂಡದ್ದು ಒಂದು ಐಪ್ಪಸಿ ತಿಂಗಳ ಮಳೆಗಾಲದಲ್ಲಿ. ಮಳೆ ಕೊಂಚ ಬಿಡುವು ಕೊಟ್ಟಿತ್ತು. ಗಂಡ ಗುರುಸಾಮಿ ಪನ್ನೀರ್ ದ್ರಾಕ್ಷಿಯ ಬುಟ್ಟಿಗಳನ್ನು ಹೇರಿಕೊಂಡು ಕಂಬಂ ಮಾರ್ಕೆಟ್ಟಿಗೆ ಹೊರಟವನು, "ಕರೆಂಟು ಬಂದ್ರೆ ಮೋಟಾರು ಆಕು. ಮುಳ್ಳು ನೋಡಿ ಆಕು" ಎಂದು ಹೇಳಿ ಹೋದ. ಮುಳ್ಳು ಎಂದರೆ ಬಾವಿಯ ದಂಡೆಯ ಮೇಲಿನ ಕೋಣೆಯಲ್ಲಿ ಸ್ಟಾರ್ಟರಿನ ಪಕ್ಕಕ್ಕಿರುವ ವೋಲ್ಟ್ ಮೀಟರಿನ ಮುಳ್ಳು. ಅದರ ಗಾಜಿನ ಮೇಲೆ ಗುರುಸಾಮಿ ಉಗುರಿಗೆ ಹಚ್ಚುವ ಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆದಿದ್ದ. ಮುಳ್ಳು ಗೆರೆಗಿಂತ ಕೆಳಗಿದ್ದರೆ ಸ್ವಿಚ್ ಮುಟ್ಟಬಾರದು. ವೋಲ್ಟು ಕಮ್ಮಿಯಾದರೆ ಮೋಟಾರು ಏದುಸಿರು ಬಿಡುತ್ತದೆ, ಕಾದು ಕಾದು ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ಕಣಿವೆಯಲ್ಲಿ ಇದನ್ನು ಮಕ್ಕಳೂ ಬಲ್ಲರು.

ತಂಗಮ್ಮಾಳ್ ಮುಳ್ಳು ನೋಡಿದಳು, ಸ್ವಿಚ್ ಒತ್ತಿದಳು. ಮೋಟಾರು ಇದ್ದದ್ದು ಕೆಳಗೆ, ಬಾವಿಯೊಳಗಿನ ಕಲ್ಲುಕಟ್ಟೆಯ ಮೇಲೆ. ಅವಳು ಅಲ್ಲಿಗೆ ಇಳಿಯಲಿಲ್ಲ. ಸಂಜೆ ಸುಟ್ಟ ವಾಸನೆ ಬರುವ ಹೊತ್ತಿಗೆ ಗುರುಸಾಮಿ ಮಾರ್ಕೆಟ್ಟಿನಿಂದ ಬಂದಿದ್ದ. ಓಡಿ ಬಾವಿಗಿಳಿದವನು ಮೊದಲು ಮೇಲಕ್ಕೆ ಎಸೆದದ್ದು ಕರಕಲಾದ ಒಂದು ಗೋಣಿಚೀಲವನ್ನು. "ಹೊಗೆ ಅದುಮೋಕೆ ಹಾಕ್ದೆ" ಎಂದ. ಆಮೇಲೆ ಕೇಳಿದ:

"ಮುಳ್ಳು ನೋಡಿದ್ಯಾ?"

"ನೋಡ್ದೆ ಮಾವಾ."

"ನೋಡಿದ್ರೆ ಹೆಂಗೆ ಸುಡ್ತು?"

ಗಂಡನನ್ನೂ ಮಾವನನ್ನೂ ಒಂದೇ ರೀತಿ ಮಾವಾ ಎಂದು ಕರೆಯುವ ಆ ಮನೆಗಳಲ್ಲಿ, ಗಂಡ ಒಮ್ಮೆ ಅಂದ ಮಾತು ಊರಿನ ಮಾತಾಗಲು ಹೊತ್ತು ಬೇಕಿಲ್ಲ. ವರ್ಷಗಳು ಉರುಳಿದಂತೆ ಅಂದು ಮುಳ್ಳು ನಿಜಕ್ಕೂ ನೋಡಿದ್ದೆನೋ, ನೋಡಿದೆ ಎಂದುಕೊಂಡಿದ್ದೆನೋ ಅವಳಿಗೇ ಕಲಸಿಹೋಯಿತು.

ಇಂಥ ತಂಗಮ್ಮಾಳಿನ ಕೈಗೆ ದ್ರಾಕ್ಷಿ ಬೆಳೆಯುವ ಹೆಂಗಸರ ಸಂಘ ತನ್ನ ಒಂದೇ ಒಂದು ಲ್ಯಾಪ್‌ಟಾಪನ್ನು ಕೊಟ್ಟು ಜಪಾನಿಗೆ ಕಳಿಸಿತು. ಅಲ್ಲಿಯ ಬೆಟ್ಟದೂರೊಂದರ ದ್ರಾಕ್ಷಿ ರೈತರು ಇಲ್ಲಿಯವರನ್ನು ಕರೆದಿದ್ದರು. ಬಳ್ಳಿ ಸವರುವುದರಲ್ಲಿ ತಂಗಮ್ಮಾಳಿನ ಕೈ ಎಂಥದು ಎಂದು ಸಂಘಕ್ಕೆ ಗೊತ್ತು. ಸೊಸೆ ಜೀವಾ ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡೇ, ಬಳ್ಳಿ ಚಿಗುರಿದಲ್ಲಿಂದ ಗೊನೆ ಇಳಿಯುವವರೆಗಿನ ಫೋಟೋಗಳನ್ನೆಲ್ಲ ಅದರಲ್ಲಿ ಸಾಲಾಗಿ ಜೋಡಿಸಿ, ಯಾವ ಗುಂಡಿ ಒತ್ತಿದರೆ ಮುಂದಿನ ಪಟ ಬರುತ್ತದೆಂದು ಕಲಿಸಿದಳು. ಸಂಘದ ಹಿರಿಯಳು ವೆಳ್ಳೈಯಮ್ಮಾಳ್ ಮಾತ್ರ ಹೊರಡುವ ದಿನ ನಗುತ್ತಲೇ ಚುಚ್ಚಿದಳು: "ಜೋಪಾನ ತಾಯೀ. ಇದಕ್ಕೂ ಕಾಯಿಲ್ ಇರ್ತದೆ."

ಎಲ್ಲರೂ ನಕ್ಕರು. ತಂಗಮ್ಮಾಳೂ ನಕ್ಕಳು.

ಜೀವಾ ಹೇಳಿದ್ದಳು, ಬ್ಯಾಟರಿ ಇರುವ ಸಾಮಾನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ ಎಂದು. ಅವಳು ಕೈಚೀಲದಲ್ಲೂ ಬಿಡದೆ ಮಡಿಲಲ್ಲಿಟ್ಟುಕೊಂಡು ಹೋದಳು. ಚೆನ್ನೈ ವಿಮಾನ ನಿಲ್ದಾಣದಲ್ಲಿ ಅದನ್ನು ಟ್ರೇಯಲ್ಲಿಡು ಎಂದರು. ಆಯುಧಪೂಜೆಗೆ ಇಟ್ಟ ಗಂಧ ಕುಂಕುಮ ಮುಚ್ಚಳದ ಮೇಲೆ ಹಾಗೇ ಇತ್ತು. ಕಾವಲಿನ ಹೆಣ್ಣುಮಗಳು ಕುಂಕುಮವನ್ನು ನೋಡಿದಳು, ತಂಗಮ್ಮಾಳನ್ನು ನೋಡಿದಳು, ಏನೂ ಅನ್ನದೆ ಮುಂದಕ್ಕೆ ತಳ್ಳಿದಳು. ಕೂಸು ತೊಟ್ಟಿಲಸಮೇತ ಗುಹೆಯೊಳಕ್ಕೆ ಹೋದಂತೆ ಅದು ಆ ಯಂತ್ರದೊಳಕ್ಕೆ ಹೋಗಿ, ಆ ಕಡೆಯಿಂದ ಹೊರಬರುವವರೆಗೆ ಅವಳು ಉಸಿರು ಬಿಡಲಿಲ್ಲ.

ಜಪಾನಿನಲ್ಲಿ, ಹಲವು ಊರುಗಳಿಂದ ಹೋದವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೈತರ ಮನೆ. ತಂಗಮ್ಮಾಳಿಗೆ ಸಿಕ್ಕದ್ದು ಕಿನುಯೋ ಎಂಬ, ಅವಳದೇ ವಯಸ್ಸಿನ, ಒಂಟಿ ಹೆಂಗಸಿನ ಮನೆ. ಮನೆಯ ಸುತ್ತ ದ್ರಾಕ್ಷಿ, ಅದೂ ನಮ್ಮ ಕಣಿವೆಯಂತೆಯೇ ತಲೆಯ ಮೇಲೆ ಚಪ್ಪರ. ಇಬ್ಬರೂ ಅದರಡಿ ನಿಂತು ಮೇಲಕ್ಕೆ ನೋಡಿ ನಕ್ಕದ್ದೇ ಮೊದಲ ಮಾತುಕತೆ. ಮಿಕ್ಕದ್ದಕ್ಕೆ ಫೋನಿತ್ತು. ಅದರೊಳಗೆ ತಮಿಳಿನಲ್ಲಿ ಮಾತಾಡಿದರೆ ಅದು ಜಪಾನಿಯಲ್ಲಿ ಹೇಳುತ್ತಿತ್ತು.

ಬಂದ ಮೂರನೆಯ ದಿನ ಬೆಳಿಗ್ಗೆ ಊರಿನ ಸಭಾಮಂದಿರದಲ್ಲಿ ಪಟ ತೋರಿಸುವ ಅವಳ ಸರದಿ. ಹಿಂದಿನ ದಿನ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದರೆ ಬ್ಯಾಟರಿಯ ಚಿತ್ರ ಕೆಂಪಾಗಿತ್ತು. ದಾರಿಯುದ್ದಕ್ಕೂ ಫೋಟೋಗಳು ಇದ್ದಾವೋ ಇಲ್ಲವೋ ಎಂದು ಮತ್ತೆ ಮತ್ತೆ ತೆರೆದು ನೋಡಿದ್ದರ ಫಲ.

ತೇನಿಯ ಅಂಗಡಿಯವನು ಕೊಟ್ಟ, ಪಿನ್ ಬದಲಿಸುವ ಬಿಳಿಯ ತುಂಡು ಚೀಲದಲ್ಲಿತ್ತು. "ಅಮ್ಮಾ, ಇದು ಪಿನ್ ಮಾತ್ರ ಮಾತ್ತುತ್ತೆ. ಕರೆಂಟನ್ನ ಮಾತ್ತೋದಿಲ್ಲ" ಎಂದು ಅವನು ಎರಡು ಸಲ ಹೇಳಿದ್ದ. ಅಂದು ತಲೆಯಾಡಿಸಿದ್ದಳು. ಈಗ ಗೋಡೆಯಲ್ಲಿ ಎರಡೇ ಎರಡು ಸೀಳು ಕಂಡಾಗ ಆ ಮಾತು ನೆನಪಾಯಿತು. ಕರೆಂಟು ಬದಲಿಸುವುದಿಲ್ಲ ಎಂದರೆ, ಇಲ್ಲಿಯ ಕರೆಂಟು ಬೇರೆಯೇ? ಕಿನುಯೋಳನ್ನು ಫೋನಿನ ಮೂಲಕ ಕೇಳಿದಳು: ಇಲ್ಲಿ ಎಷ್ಟು ವೋಲ್ಟು?

ಫೋನು ತಮಿಳಿನಲ್ಲಿ ಹೇಳಿತು: ನೂರು.

ಸಿಕ್ಕಿಸಲು ಹೋದ ಕೈ ಹಿಂದಕ್ಕೆ ಬಂತು. ನೂರೇ? ನಮ್ಮ ಮನೆಯ ಗೋಡೆಯಲ್ಲಿ ಇನ್ನೂರಮೂವತ್ತು ಇರುತ್ತದೆ. ಅರ್ಧಕ್ಕಿಂತ ಕಮ್ಮಿ! ಕೆಂಪು ಗೆರೆಗಿಂತ ಎಷ್ಟು ಕೆಳಗೆ! ಇಡೀ ದೇಶವೇ ಲೋ ವೋಲ್ಟೇಜಿನಲ್ಲಿ ಬದುಕುತ್ತಿದೆಯೆ? ಹಾಗಿದ್ದೂ ದೀಪಗಳು ಬೆಳ್ಳಗೆ ಉರಿಯುತ್ತಿದ್ದವು, ಅಡುಗೆಮನೆಯಲ್ಲಿ ಅನ್ನದ ಪೆಟ್ಟಿಗೆ ಆವಿ ಬಿಡುತ್ತಿತ್ತು.

ಊರಿಗೆ ಫೋನ್ ಹಚ್ಚಿದಳು. ಗುರುಸಾಮಿ ಚಪ್ಪರದಡಿ ಕೂತಿದ್ದ.

"ನೂರಾ? ಬರೀ ನೂರಾ? ಆಕಬ್ಯಾಡ! ಕಾಯಿಲ್ ಓಯ್ತದೆ!"

ಹಿಂದಿನಿಂದ ಜೀವಾ ಫೋನು ಕಿತ್ತುಕೊಂಡದ್ದು ಕೇಳಿಸಿತು. "ಅತ್ತೇ, ಮಾವ ಹೇಳಿದ್ದು ಕೇಳ್ಬ್ಯಾಡಿ. ಚಾರ್ಜರಿನ ಕರಿ ಡಬ್ಬಿ ಮ್ಯಾಲೆ ಸಣ್ಣಕ್ಷರ ಇದೆ, ಓದಿ."

ತಂಗಮ್ಮಾಳ್ ಕನ್ನಡಕ ಏರಿಸಿ ಓದಿದಳು. "ನೂರು, ಒಂದು ಗೀಟು, ಇನ್ನೂರ ನಲ್ವತ್ತು."

"ಅಷ್ಟೇ! ನೂರರಿಂದ ಇನ್ನೂರ ನಲ್ವತ್ತರ ತನಕ ಅದು ತಡೀತದೆ. ನೂರಿದ್ರೆ ಸಾಕು."

"ಮೋಟಾರಿನ ತಗಡಿನ ಮ್ಯಾಲೂ ಎಷ್ಟರಿಂದ ಎಷ್ಟು ಅಂತ ಬರ್ದಿತ್ತು ಕಣಮ್ಮ. ಸುಡಲಿಲ್ವಾ?"

ಫೋನಿನ ಬಾಯಿಗೆ ಏನೋ ಗೊಣಗಿದ ಮಗುವನ್ನು ಸರಿಸಿ ಜೀವಾ ಕೇಳಿದಳು: "ಸರಿ, ನೀವು ಈಗ ಮಾತಾಡ್ತಿರೋ ಈ ಫೋನನ್ನ ಎಲ್ಲಿ ಚಾರ್ಜ್ ಮಾಡಿದ್ರಿ?"

"ಇಲ್ಲೇ. ನಿನ್ನೆ ಕಿನುಯೋ ಆಕಿಕೊಟ್ಳು. ಇದೇ ಗೋಡೇಲಿ."

"ಸುಡ್ತಾ?"

ಇಲ್ಲ, ಸುಟ್ಟಿರಲಿಲ್ಲ. ತಂಗಮ್ಮಾಳ್ ಯೋಚಿಸಿದಳು. ಆದರೆ ಫೋನು ಸಣ್ಣದು, ಬಲ್ಬಿನ ಹಾಗೆ. ವೋಲ್ಟು ಕಮ್ಮಿಯಾದರೆ ಬಲ್ಬು ಮಂಕಾಗುತ್ತದೆ ಅಷ್ಟೇ, ಸುಡುವುದಿಲ್ಲ. ಸುಡುವುದು ಮೋಟಾರು. ಈ ಲ್ಯಾಪ್‌ಟಾಪ್ ಬಲ್ಬಿನ ಜಾತಿಯೋ ಮೋಟಾರಿನ ಜಾತಿಯೋ? ಕಿವಿಗೊಟ್ಟರೆ ಒಳಗೊಂದು ಫ್ಯಾನು ತಿರುಗುವ ಸದ್ದು ಕೇಳುತ್ತದೆ. ತಿರುಗುವುದೆಲ್ಲ ಮೋಟಾರೇ ತಾನೆ?

"ಫ್ಯಾನಿದೆಯಲ್ಲೇ ಇದರೊಳಗೆ?"

"ಅತ್ತೇ, ಅದು ಬೇರೆ..."

"ವೇಣ್ಡಾಂ! ಸೊನ್ನಾ ಕೇಳು!" ಬೇಡ, ಹೇಳಿದ್ದು ಕೇಳು ಎಂದು ಗುರುಸಾಮಿ ದೂರದಿಂದ ಕೂಗಿದ. ಸಿಟ್ಟು ಬಂದರೆ ಅವನಿಗೆ ಮನೆಮಾತಾದ ಕನ್ನಡ ಸಾಲದು, ತಮಿಳೇ ಬೇಕು. "ಒಂದ್ಸಲ ಸುಟ್ಟಿದ್ದು ಸಾಲ್ದಾ ಇವಳಿಗೆ?"

ತಂಗಮ್ಮಾಳ್ ಫೋನಿಟ್ಟಳು.

ಸಿಕ್ಕಿಸದಿದ್ದರೆ ನಾಳೆ ಅಷ್ಟು ಜನರ ಮುಂದೆ ಕಪ್ಪು ಪರದೆ ಹಿಡಿದು ನಿಲ್ಲಬೇಕು. ಸಿಕ್ಕಿಸಿ ಸುಟ್ಟರೆ, ಊರಿಗೆ ಹೋಗಿ ವೆಳ್ಳೈಯಮ್ಮಾಳ್ ಮುಖ ನೋಡಬೇಕು. ಮೋಟಾರು ಸುಟ್ಟವಳು, ಲ್ಯಾಪ್‌ಟಾಪೂ ಸುಟ್ಟವಳು. ಕಿನುಯೋ ಚಹಾ ತಂದಿಟ್ಟು ಇವಳ ಮುಖ ನೋಡಿ ಪಕ್ಕದಲ್ಲೇ ಕೂತಳು.

ಕಡೆಗೆ ತಂಗಮ್ಮಾಳ್ ತನಗೆ ತಿಳಿದದ್ದನ್ನೇ ಮಾಡಿದಳು. ಲ್ಯಾಪ್‌ಟಾಪನ್ನು ಪೂರಾ ಆರಿಸಿ ನೆಲದ ಹಾಸಿಗೆಯ ಮೇಲಿಟ್ಟಳು. ತಣ್ಣನೆಯ ಊರು, ಯಂತ್ರಕ್ಕೆ ಚಳಿಯಾಗದಿರಲಿ ಎಂಬಂತೆ ಕರಿ ಡಬ್ಬಿ ಹತ್ತಿಯ ದಪ್ಪ ರಜಾಯಿಯೊಳಗೆ ಸೇರಿಹೋಯಿತು, ಅದನ್ನವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಪಿನ್ ಸಿಕ್ಕಿಸಿದಳು. ಲ್ಯಾಪ್‌ಟಾಪಿನ ಅಂಚಿನಲ್ಲಿ ಪುಟ್ಟ ದೀಪ ಹತ್ತಿತು. ಗೊರಗೊರ ಇಲ್ಲ, ವಾಸನೆ ಇಲ್ಲ. ಚಹಾ ಕುಡಿದು ಮುಗಿಸಿ, ರಜಾಯಿಯೊಳಗೆ ಕೈಯಿಟ್ಟು ಡಬ್ಬಿಗೆ ಅಂಗೈಯ ಹಿಂಬದಿ ತಾಗಿಸಿದಳು, ಮೋಟಾರಿಗೆ ತಾಗಿಸುವ ಹಾಗೆ.

ಸುರ್ರೆಂದಿತು. ಕೈ ಇಡಲಾಗದಷ್ಟು ಕಾದಿತ್ತು.

"ಐಯ್ಯಯ್ಯೋ, ಓಯ್ತು!" ಎಂದು ಪಿನ್ ಕಿತ್ತಳು. ಕಣ್ಣಲ್ಲಿ ನೀರೇ ಬಂತು. ಗುರುಸಾಮಿ ಹೇಳಿದ್ದೇ ಸರಿ. ಲೋ ವೋಲ್ಟೇಜು.

ಕಿನುಯೋ ಗಾಬರಿಯಾಗಲಿಲ್ಲ. ಬಾಗಿ ರಜಾಯಿಯ ಒಂದು ಮೂಲೆ ಎತ್ತಿದಳು, ಡಬ್ಬಿಯನ್ನು ತೋರಿಸಿದಳು, ರಜಾಯಿಯನ್ನು ತನ್ನ ಮೈಗೆ ಸುತ್ತಿಕೊಂಡು ಬೆವರು ಒರೆಸಿದಂತೆ ನಟಿಸಿದಳು. ಆಮೇಲೆ ಲ್ಯಾಪ್‌ಟಾಪನ್ನು ಗಿಡ್ಡ ಮೇಜಿನ ಮೇಲಿಟ್ಟು, ಡಬ್ಬಿಯನ್ನು ಬರಿಯ ಹಲಗೆ ನೆಲದ ಮೇಲೆ ಬಿಡಿಯಾಗಿಟ್ಟು, ನೀನೇ ಸಿಕ್ಕಿಸು ಎಂದು ಕೈ ತೋರಿದಳು.

ಡಬ್ಬಿ ಆರುವವರೆಗೆ ಕಾದು ತಂಗಮ್ಮಾಳ್ ಮತ್ತೆ ಸಿಕ್ಕಿಸಿದಳು. ಈ ಸಲ ಕೈ ತೆಗೆಯಲೇ ಇಲ್ಲ. ಬೆಚ್ಚಗಾಯಿತು, ಹಾಲು ಕುಡಿದ ಕೂಸಿನ ಹೊಟ್ಟೆಯಷ್ಟು ಬೆಚ್ಚಗೆ. ಅಲ್ಲಿಗೇ ನಿಂತಿತು. ಅದೇ ನೂರು ವೋಲ್ಟು, ಅದೇ ಗೋಡೆ. ಬದಲಾದದ್ದು ಹೊದಿಕೆ ಒಂದೇ.

ಹಾಗೆ ಕೈಯಿಟ್ಟುಕೊಂಡು ಕೂತಿದ್ದಾಗಲೇ, ಎಂದೋ ಬಾವಿಯಿಂದ ಹಾರಿಬಂದು ದಂಡೆಯ ಮೇಲೆ ಬಿದ್ದ ಆ ಗೋಣಿಚೀಲ ಕಣ್ಣಮುಂದೆ ಬಂತು. ಹೊಗೆ ಅದುಮಲು ಮೇಲೆ ಹಾಕಿದ ಗೋಣಿಯಾದರೆ ಅಲ್ಲಲ್ಲಿ ಮಸಿ ಹಿಡಿಯಬೇಕಿತ್ತು. ಅದು ನಡುವೆ ಮೋಟಾರಿನ ಬೆನ್ನಿನಾಕಾರಕ್ಕೇ ಕರಕಲಾಗಿತ್ತು. ಎಷ್ಟೋ ಹೊತ್ತು ಸುತ್ತಿಕೊಂಡೇ ಬೆಂದಂತೆ. ಹಾಗಾದರೆ? ಇಷ್ಟು ವರ್ಷ ಯೋಚಿಸಿದ್ದು ಮುಳ್ಳಿನ ಬಗ್ಗೆ. ಗೋಣಿಯ ಬಗ್ಗೆ ಒಂದು ದಿನವೂ ಅಲ್ಲ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹೇಳಿದಂತೆ ಕೇಳಿತು. ಪಟಗಳು ಒಂದರ ಹಿಂದೊಂದು ಬಂದವು. ಕಲ್ಲುಕಂಬದ ಚಪ್ಪರ ಕಂಡಾಗ ಜನ "ಓ" ಎಂದರು. ಬಳ್ಳಿ ಸವರುವ ಪಟದಲ್ಲಿ ಮುದುಕನೊಬ್ಬ ಎದ್ದುಬಂದು, ಬಳ್ಳಿಯಲ್ಲಿ ಎಷ್ಟು ಚಿಗುರುಗಣ್ಣು ಉಳಿಸಿ ಕತ್ತರಿಸುತ್ತೀರಿ ಎಂದು ಬೆರಳಿನಲ್ಲೇ ಕೇಳಿದ. ಅವಳೂ ಬೆರಳಿನಲ್ಲೇ ಹೇಳಿದಳು.

ಊಟದ ಹೊತ್ತಿಗೆ ಗುರುಸಾಮಿಯ ಫೋನು. "ಸುಡ್ತಾ?" ಎಂದ, ಹಲೋ ಎನ್ನುವ ಮೊದಲೇ.

"ಇಲ್ಲ ಮಾವಾ."

"ನಿಜವಾ? ನೂರು ವೋಲ್ಟಲ್ಲಾ?"

"ನೂರೇ. ಮುಚ್ಚಿಟ್ರೆ ಸುಡ್ತದಂತೆ. ತೆರೆದಿಟ್ರೆ ಇಲ್ಲ." ಅವಳು ಉಸಿರೆಳೆದುಕೊಂಡಳು. "ಒಂದು ಕೇಳ್ತೀನಿ ಮಾವಾ. ಆ ಗೋಣಿ ಮೋಟಾರಿನ ಮ್ಯಾಲೆ ಮೊದ್ಲೇ ಇತ್ತಾ?"

ಆ ಕಡೆ ಚಪ್ಪರದಲ್ಲಿ ಗಿಳಿಗಳು ಕಿರುಚುವುದು ಕೇಳಿತು.

"ಮಳೆ ಬರ್ತಿತ್ತಲ್ಲ..." ಎಂದ ಕಡೆಗೆ. "ನೆನೀಬಾರ್ದು ಅಂತ ಸುತ್ತಿದ್ದೆ. ನೀನು ಮೋಟಾರು ಆಕೋ ದಿನ ಬಿಚ್ಚೋದು ಮರ್ತೆ." ಮತ್ತೆ ತಡೆದು, ಕೊಂಚ ಜೋರಾಗಿ, "ವೋಲ್ಟೂ ಕಮ್ಮಿನೇ ಇದ್ದಿರ್ಬೇಕು!"

ಇದ್ದಿರಬಹುದು. ಇಲ್ಲದಿರಬಹುದು. ಮುಳ್ಳು ನೋಡಿದ್ದೆನೋ ಇಲ್ಲವೋ ಎಂಬುದು ಇನ್ನು ಯಾವ ಜನ್ಮಕ್ಕೂ ತಿಳಿಯುವಂತಿಲ್ಲ. ನಗಬೇಕೋ ಅಳಬೇಕೋ ಜಗಳ ತೆಗೆಯಬೇಕೋ ತೋಚದೆ ಅವಳು, "ಊರಿಗೆ ಬತ್ತೀನಿ, ಇರು. ವೆಳ್ಳೈಯಮ್ಮಾಳ್ ಮುಂದೆ ಇದೇ ಮಾತು ನೀನೇ ಹೇಳ್ಬೇಕು" ಎಂದಷ್ಟೇ ಅಂದಳು.

"ಹೇಳ್ತೀನಿ ಬಿಡು" ಎಂದ ಗುರುಸಾಮಿ, ಸಣ್ಣ ದನಿಯಲ್ಲಿ, ಕನ್ನಡದಲ್ಲೇ.

ಸಭೆಯಿಂದ ಮನೆಗೆ ಹೊರಡುವ ಹೊತ್ತಾಯಿತೆಂದು ಕಿನುಯೋ ಚೀಲ ಹಿಡಿದು ನಿಂತಿದ್ದಳು. ತಂಗಮ್ಮಾಳ್ ಪಿನ್ ಕಿತ್ತಳು, ಡಬ್ಬಿಗೆ ಕೈಯ ಹಿಂಬದಿ ತಾಗಿಸಿದಳು. ಇನ್ನೂ ಬೆಚ್ಚಗಿತ್ತು. ಆರಲಿ ಎಂದು ಸನ್ನೆ ಮಾಡಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಳು.