ಅಪ್ಪನ ಅಂಚು

ನನ್ನ ಅಕ್ಕನ ಮಗಳು ಏನು ಓದುತ್ತಾಳೆಂದು ಕೇಳಿದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. "ಸಿನಿಮಾದ ವಿಷುವಲ್ ಎಫೆಕ್ಟ್ಸ್" ಎಂದರೆ, "ಓಹೋ, ಗ್ರಾಫಿಕ್ಸಾ? ಹುಲಿ ಸಿಂಹ ಮಾಡೋದಾ?" ಎನ್ನುತ್ತಾರೆ. ಹುಲಿಯೂ ಇಲ್ಲ, ಸಿಂಹವೂ ಇಲ್ಲ, ಸುಮ್ಮನೆ ಹೋಗ್ರಪ್ಪಾ ಅನ್ನಬೇಕೆನಿಸುತ್ತದೆ. ನಾನು ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಗೋಡೆಯಾಚೆ ಓಡುವ ಸಿನಿಮಾಗಳ ಸದ್ದು ಕೇಳುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಪರದೆಯ ಮೇಲೆ ಕಾಣುವುದನ್ನು ಯಾರೋ ಮಾಡುತ್ತಾರೆಂದು ಗೊತ್ತಿತ್ತು. ಕಾಣದಿರುವುದನ್ನೂ ಯಾರೋ ಕಣ್ಣು ಕೆಡಿಸಿಕೊಂಡು ಮಾಡಿರುತ್ತಾರೆಂದು ತಿಳಿದದ್ದು ಈ ಹುಡುಗಿಯಿಂದ.

ಮೂರನೇ ಮಹಡಿಯ ಮನೆಯಲ್ಲಿ ನಾವು ನಾಲ್ವರಿದ್ದೆವು. ಮನೆಯಲ್ಲೇ ಬಟ್ಟೆ ಹೊಲಿಯುವ ಅಕ್ಕ, ಲಿಫ್ಟ್ ರಿಪೇರಿ ಮಾಡುವ ಭಾವ, ಅವರ ಒಬ್ಬಳೇ ಮಗಳು, ಮದುವೆಯ ಗೋಜಿಗೇ ಹೋಗದೆ ಅಕ್ಕನ ಜೊತೆ ಉಳಿದುಬಿಟ್ಟ ನಾನು. ಊರವರನ್ನೆಲ್ಲ ಮೇಲೆ ಕಳಿಸುವ ಭಾವ ಇದ್ದ ಕಟ್ಟಡಕ್ಕೇ ಲಿಫ್ಟ್ ಇಲ್ಲ. ಎಡ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, "ನೋಡಮ್ಮಾ ನನ್ನ ಹಣೆಬರಹ" ಎಂದು ನಗುತ್ತಿದ್ದರು. ನಗುವುದರಲ್ಲಿ ಜಿಪುಣತನ ಇರಲಿಲ್ಲ. ಆದರೆ ಯಾರಾದರೂ ಫೋನ್ ಎತ್ತಿ ವೀಡಿಯೋ ತೆಗೆಯಲು ಹೊರಟರೆ ಮುಗಿಯಿತು, ಅಂಗೈ ಮುಖಕ್ಕೆ ಅಡ್ಡ ಬರುತ್ತಿತ್ತು. "ನನ್ನನ್ನೇನು ನೋಡ್ತೀರಿ, ಬಿಡ್ರೋ" ಎಂದು ಎದ್ದು ಹೋಗುತ್ತಿದ್ದರು. ನೆಂಟರ ಮನೆಯ ವೀಡಿಯೋಗಳನ್ನೆಲ್ಲ ಜಾಲಾಡಿದರೂ ಸಿಗುವುದು ಅವರ ಬೆನ್ನು, ಇಲ್ಲವೇ ಆ ಅಂಗೈ.

ಇಂಥವರ ಮಗಳು ಹೋಗಿ ಸೇರಿದ್ದು ವಿಷುವಲ್ ಎಫೆಕ್ಟ್ಸ್ ಕಲಿಸುವ ಕಾಲೇಜಿಗೆ. ಮೊದಲ ವರ್ಷವಿಡೀ ಅವಳಿಂದ ಮಾಡಿಸಿದ್ದು ಅಂಚು ಬರೆಯುವ ಕೆಲಸ. ಒಂದು ಸೆಕೆಂಡಿನ ಸಿನಿಮಾ ಎಂದರೆ ಇಪ್ಪತ್ತನಾಲ್ಕು ಚಿತ್ರವಂತೆ. ಆ ಒಂದೊಂದು ಚಿತ್ರದಲ್ಲೂ ಮನುಷ್ಯನ ಸುತ್ತ ಗೆರೆ ಎಳೆಯಬೇಕು. ಬೆರಳ ಸಂದು, ಕಿವಿಯ ತಿರುವು, ಅಂಗಿಯ ಮಡಿಕೆ ಯಾವುದೂ ತಪ್ಪಬಾರದು. ಗೆರೆ ಸರಿಯಾಗಿ ಬಂತೋ, ಆ ಮನುಷ್ಯನನ್ನು ಎತ್ತಿ ಬೆಟ್ಟದ ತುದಿಯಲ್ಲಿ ನಿಲ್ಲಿಸಬಹುದು, ಬೇಡವೆಂದರೆ ಮಾಯ ಮಾಡಬಹುದು. ಜೊತೆಯವರೆಲ್ಲ ತಲೆಯ ಸುತ್ತ ಒಂದು ಗೆರೆ ಸುತ್ತಿ ಕೈತೊಳೆದುಕೊಂಡರೆ ಇವಳು ಹಾರುವ ಕೂದಲನ್ನೂ ಒಂದೊಂದಾಗಿ ಬರೆಯುತ್ತಾ ಕೂತಳು. ಅವರು 'ಕೂದಲೆಳೆ' ಎಂದು ಹೆಸರಿಟ್ಟರು. ಭಾವನ ಕಿವಿಗೆ ಅದು ಬಿದ್ದದ್ದೇ ತಡ, ಮನೆಯಲ್ಲೂ ಅದೇ ಹೆಸರಾಯಿತು.

ಕೊನೆಯ ವರ್ಷದ ಪ್ರಾಜೆಕ್ಟ್ ಹೀಗಿತ್ತು. ಒಬ್ಬ ಮನುಷ್ಯ ಓಡಾಡುವ ಶಾಟ್ ತೆಗೆಯಬೇಕು. ಮೊದಲು ಅವನ ಅಂಚನ್ನು ತಪ್ಪಿಲ್ಲದೆ ಬರೆಯಬೇಕು, ಆಮೇಲೆ ಅವನು ಅಲ್ಲಿ ಇರಲೇ ಇಲ್ಲ ಅನ್ನುವ ಹಾಗೆ ಅಳಿಸಬೇಕು. ಹುಡುಗಿ ಬಂದು ಅಪ್ಪನ ಬೆನ್ನು ಬಿದ್ದಳು.

"ನಾನಾ? ಆಗಲ್ಲಪ್ಪ. ನಿನ್ನ ಚಿಕ್ಕಮ್ಮನ್ನ ಹಿಡ್ಕೋ."

"ಚಿಕ್ಕಮ್ಮನ ಗುಂಗುರು ಕೂದಲು ಬರೆಯೋಷ್ಟರಲ್ಲಿ ನಾನು ಮುದುಕಿ ಆಗ್ತೀನಿ. ನಿನ್ನದಾದ್ರೆ ಬೋಳುತಲೆ, ಸುಲಭ."

"ಅಂತೂ ಬೋಳುತಲೆಗೊಂದು ಬೆಲೆ ಬಂತು ನೋಡು!" ಎಂದು ಭಾವ ನನ್ನತ್ತ ತಿರುಗಿದರು. "ಅಪ್ಪನ್ನ ಮಾಯ ಮಾಡೋ ಓದು ಇದು. ಅದಕ್ಕೆ ಫೀಸು ಕಟ್ಟೋನೂ ಅಪ್ಪನೇ."

ಓದಿಗಾಗಿ ಎಂದ ಮೇಲೆ ಆ ಮನುಷ್ಯ ಇಲ್ಲ ಎನ್ನಲಿಲ್ಲ. ಭಾನುವಾರ ಬೆಳಿಗ್ಗೆ ಕಾಲೇಜಿನ ಕ್ಯಾಮೆರಾ ನಮ್ಮ ಹಜಾರಕ್ಕೆ ಬಂತು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ಮೊಣಕಾಲಿಗೆ ಕೈ ಊರಿ ಎದ್ದು, ಹೊಲಿಗೆ ಮೆಷಿನ್ ಸುತ್ತಿಕೊಂಡು ನಡೆದು, ಬಾಗಿಲಲ್ಲಿ ಒಮ್ಮೆ ತಿರುಗಿ ಹೊರಗೆ ಹೋಗಬೇಕು, ಅಷ್ಟೇ. ಅವರು ಹೋದ ಮೇಲೆ ಖಾಲಿ ಕೋಣೆಯನ್ನೂ ಅದೇ ರೀತಿ ಇನ್ನೊಮ್ಮೆ ತೆಗೆಯಬೇಕಂತೆ. ಆಳು ಇದ್ದ ಜಾಗಕ್ಕೆ ಅಂಟಿಸಲು ಅದು ಬೇಕಂತೆ. ನಾನು ಆ ಹೊತ್ತಿಗೆ ಕೌಂಟರಿಗೆ ಹೊರಟುಹೋಗಿದ್ದೆ. ಅಕ್ಕನನ್ನು ಸದ್ದು ಮಾಡಬೇಡವೆಂದು ಅಡುಗೆಮನೆಗೆ ಅಟ್ಟಿದ್ದರು. ಇಡೀ ಜನ್ಮದಲ್ಲಿ ಭಾವ ಮುಖಕ್ಕೆ ಕೈ ಅಡ್ಡ ಇಡದೆ ಕ್ಯಾಮೆರಾ ಮುಂದೆ ಇದ್ದದ್ದು ಆವತ್ತು ಮಾತ್ರ.

ಆಮೇಲೆ ಎಷ್ಟೋ ವಾರ ಅವಳು ಅಪ್ಪನ ಸುತ್ತ ಗೆರೆ ಎಳೆದಳು. ಭಾವ ಕೆಲಸದಿಂದ ಬಂದು ಅವಳ ಹಿಂದೆ ನಿಂತು, "ಎಲ್ಲಿಗೆ ಬಂತು?" ಎಂದು ಕೇಳುವರು. "ಕಿವಿಗೆ." "ಕಿವಿ ಮೇಲಿನ ಕೂದಲು ಬಿಡಬೇಡ ಮತ್ತೆ, ಇರೋದೇ ಅಷ್ಟು." ಇದೇ ಮಾತು ದಿನವೂ. ಅಂಚು ಮುಗಿದ ಮೇಲೆ ಅಳಿಸುವ ಕೆಲಸ. ಅದೂ ಮುಗಿದು, ಕಾಲೇಜಿನಲ್ಲಿ ಎಲ್ಲರ ಪ್ರಾಜೆಕ್ಟ್ ತೋರಿಸಿದ ದಿನ ಅಕ್ಕನಿಗೆ ಜ್ವರ. ನಾನೂ ಭಾವನೂ ಹೋಗಿದ್ದೆವು. ಪರದೆಯ ಮೇಲೆ ನಮ್ಮ ಹಜಾರ, ನಮ್ಮ ಕುರ್ಚಿ, ಕಿಟಕಿಯ ಪರದೆ ಸಣ್ಣಗೆ ಅಲ್ಲಾಡುತ್ತಿತ್ತು. ಭಾವ ಪಕ್ಕದ ಸೀಟಿನ ಅಪರಿಚಿತನನ್ನು ಮೊಣಕೈಯಿಂದ ತಿವಿದು, "ಅಲ್ಲಿ ಖಾಲಿ ಕಾಣ್ತಿದೆಯಲ್ಲ ಸ್ವಾಮಿ, ಅದು ನಾನೇ" ಎಂದರು. ಅವನು ಕಕ್ಕಾಬಿಕ್ಕಿಯಾದ. ನಾನು ನಕ್ಕು ನಕ್ಕು ಸುಸ್ತಾದೆ. ಹುಡುಗಿಗೆ ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್ ಬಂತು.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇದೆ, ನನಗೆ ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಪ್ರಾಜೆಕ್ಟ್ ಮುಗಿದ ದಿನ ಎಲ್ಲರೂ ಲ್ಯಾಬಿನಲ್ಲಿ ಸೇರುತ್ತಾರೆ. ಮುಂದಿನ ತಂಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಬೇಕಲ್ಲ, ಅದಕ್ಕೆ ಒಬ್ಬೊಬ್ಬರೂ ಎದ್ದು ತಮ್ಮ ಮೂಲ ಶಾಟ್‌ಗಳನ್ನು ತಾವೇ ಅಳಿಸಬೇಕು. 'ಕಸ ಗುಡಿಸೋದು' ಎನ್ನುತ್ತಾರೆ. ಗುಂಡಿ ಒತ್ತಿದ ಕೂಡಲೇ ಉಳಿದವರು ಚಪ್ಪಾಳೆ ತಟ್ಟಿ ಕೂಗುತ್ತಾರೆ. ಮುಗಿದ ಕೆಲಸವೊಂದನ್ನು ಉಳಿಸಿಕೊಂಡರೆ ಸಾಕು, ಉಳಿದದ್ದೆಲ್ಲ ಕಸ. ನಮ್ಮ ಹುಡುಗಿಯೂ ಎದ್ದಳು, ಒತ್ತಿದಳು, ಚಪ್ಪಾಳೆ ಬಿತ್ತು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದನ್ನೂ ಅದು ಭಾರವಾಯಿತೆಂದು ತೆಗೆದುಹಾಕಿದಳು. ಅಪ್ಪ ಹೇಗೂ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರಲ್ಲ.

ಭಾವ ಹೋದದ್ದು ಅದಾಗಿ ಸ್ವಲ್ಪ ದಿನಕ್ಕೇ. ಯಾವುದೋ ಕಟ್ಟಡದ ತುದಿಯ ಲಿಫ್ಟ್ ಮೆಷಿನ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಕೆಟ್ಟ ಲಿಫ್ಟನ್ನು ಅವರು ಆಗಲೇ ಸರಿ ಮಾಡಿದ್ದರು. ಅದರಲ್ಲೇ ಅವರನ್ನು ಕೆಳಗೆ ತಂದರು.

ಅಕ್ಕ ಅಳಲಿಲ್ಲ. ಹೊಲಿಯುವುದನ್ನು ನಿಲ್ಲಿಸಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ಸಂಜೆ ಇದ್ದಕ್ಕಿದ್ದಂತೆ, "ಇವರು ಕುರ್ಚಿಯಿಂದ ಏಳುವಾಗ ಯಾವ ಕೈ ಊರ್ತಿದ್ರು?" ಎಂದು ಕೇಳಿದಳು. ನಾನು ಎಡ ಎಂದೆ, ಅವಳು ಬಲ ಎಂದಳು. ಇಬ್ಬರಿಗೂ ಖಾತ್ರಿಯಿಲ್ಲ. ಅಕ್ಕ ಮಗಳನ್ನು ಕರೆದು, "ನಿನ್ನ ಕಾಲೇಜಿಂದು ಇದೆಯಲ್ಲ, ಅವರು ನಡೆದು ಹೋಗೋದು. ಅಳಿಸೋಕೆ ಮುಂಚಿನದು. ಅದನ್ನ ಹಾಕು" ಎಂದಳು.

ಹುಡುಗಿ ಮಾರನೆಯ ದಿನ ಕಾಲೇಜಿಗೆ ಓಡಿದಳು. ಲ್ಯಾಬಿನವರು ಏನೇನೋ ಪ್ರಯತ್ನ ಮಾಡಿ ಕೈಚೆಲ್ಲಿದರು. ಆ ಜಾಗದ ಮೇಲೆ ಬೇರೆ ಹುಡುಗರ ಶಾಟ್‌ಗಳು ಬಂದು ಕೂತಾಗಿತ್ತು. ಮನೆಗೆ ಬಂದು ಅಮ್ಮನ ಮುಂದೆ ನಿಂತು, "ಇಲ್ಲಮ್ಮಾ. ನಾನೇ ತೆಗೆದುಬಿಟ್ಟೆ" ಎಂದಳು.

"ಇರೋದನ್ನೇ ತೋರಿಸು ಹಾಗಾದ್ರೆ."

ತೋರಿಸಿದಳು. ಅದೇ ಹಜಾರದಲ್ಲಿ ಕೂತು ಅಕ್ಕ ಅದೇ ಹಜಾರವನ್ನು ನೋಡಿದಳು. ಖಾಲಿ ಕುರ್ಚಿ, ಹೊಲಿಗೆ ಮೆಷಿನ್, ಬಾಗಿಲು. ಎಲ್ಲಾದರೂ ಒಂದು ನೆರಳಾದರೂ ಉಳಿದಿದೆಯೇನೋ ಎಂದು ಕಣ್ಣು ಕಿರಿದು ಮಾಡಿ ಹುಡುಕಿದಳು. ನಮ್ಮ ಕೂದಲೆಳೆ ನೆರಳು ಉಳಿಸುವವಳೇ? ಬಾಗಿಲ ಹಿಡಿಯ ಹೊಳಪಿನಲ್ಲಿ ಬಿದ್ದಿದ್ದ ಬಿಂಬವನ್ನೂ ಒರೆಸಿದ್ದಳು.

"ಎಷ್ಟು ಚೆನ್ನಾಗಿ ಒರೆಸಿಹಾಕಿದ್ದೀಯ," ಅಕ್ಕ ಅಂದಳು. "ಅದಕ್ಕೆ ಮಾರ್ಕ್ಸ್ ಬೇರೆ ಕೊಟ್ರಾ?"

ಆ ಮಾತು ಹುಡುಗಿಯನ್ನು ಕೊಂದುಹಾಕಿತು. ಅಕ್ಕನ ಬಾಯಿಂದ ಅಂಥ ಮಾತು ಬರಬಾರದಿತ್ತು, ಬಂದುಬಿಟ್ಟಿತು. ಅಮ್ಮ ಮಗಳು ಒಂದೇ ಮನೆಯಲ್ಲಿದ್ದೂ ಮಾತಿಲ್ಲ. ಅವಳು ಕಾಲೇಜಿಗೆ ಹೋಗುವುದನ್ನು ಬಿಟ್ಟಳು. ಒಂದು ಸ್ಟುಡಿಯೋದವರು ಕೆಲಸಕ್ಕೆ ಕರೆದರೆ, "ಇನ್ನು ನಾನು ಯಾರನ್ನೂ ಅಳಿಸಲ್ಲ" ಎಂದು ಫೋನ್ ಇಟ್ಟಳು. ಊಟಕ್ಕೆ ಕರೆದರೆ ಅಮ್ಮ ಎದ್ದು ಹೋದ ಮೇಲೆ ಬಂದು ಕೂರುವಳು. ಭಾವನನ್ನು ಕಳೆದುಕೊಂಡದ್ದು ಸಾಲದೆಂಬಂತೆ ಈ ಇಬ್ಬರೂ ಒಬ್ಬರಿಗೊಬ್ಬರು ಇಲ್ಲವಾಗುತ್ತಿರುವುದನ್ನು ನಾನು ಕಣ್ಣಾರೆ ನೋಡಬೇಕಾಯಿತು.

ಕೊನೆಗೆ ಕೌಂಟರಿಗೆ ರಜೆ ಹಾಕಿ, ಜಗಳ ಆಡಬೇಕೆಂದೇ ಕಾಲೇಜಿಗೆ ಹೋದೆ. "ಚಪ್ಪಾಳೆ ತಟ್ಟಿ ಅಳಿಸೋಕೆ ಹೇಳ್ಕೊಡ್ತೀರಲ್ಲ, ನಿಮಗೆ ಅಪ್ಪ ಅಮ್ಮ ಇಲ್ವಾ?" ಎಂದು ಅವಳ ಮೇಷ್ಟ್ರ ಮುಖಕ್ಕೇ ಕೇಳಿದೆ. ಆ ಮನುಷ್ಯ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಅವರಿಗೂ ಹುಡುಗಿಯ ಚಿಂತೆ ಇತ್ತು. ಆಮೇಲೆ ನಿಧಾನವಾಗಿ, "ಮೇಡಂ, ಶಾಟ್ ಇಲ್ಲ. ಆದ್ರೆ ಮಾರ್ಕ್ಸ್ ಹಾಕೋಕೆ ಅಂತ ಅವಳು ಕೊಟ್ಟ ಪ್ರಾಜೆಕ್ಟ್ ಫೈಲ್ ನನ್ನ ಹತ್ರ ಇದೆ. ಅದರಲ್ಲಿ ಚಿತ್ರ ಇರಲ್ಲ, ಅವಳು ಬರೆದ ಅಂಚು ಮಾತ್ರ ಇರುತ್ತೆ" ಎಂದರು. ಪೆನ್‌ಡ್ರೈವಿಗೆ ಹಾಕಿಕೊಟ್ಟರು.

ಹುಡುಗಿ ಅದನ್ನು ಮುಟ್ಟಲೂ ಒಪ್ಪಲಿಲ್ಲ. "ಅದರಲ್ಲಿ ಅಪ್ಪ ಇಲ್ಲ ಚಿಕ್ಕಮ್ಮಾ. ಮುಖ ಇಲ್ಲ, ಬಣ್ಣ ಇಲ್ಲ, ಸೌಂಡ್ ಇಲ್ಲ. ಬರೀ ಬಿಳಿ ಆಕಾರ. ಅಮ್ಮನಿಗೆ ಅದನ್ನ ತೋರಿಸಿ ಇನ್ನೊಂದ್ಸಲ ಸಾಯಿಸ್ಲಾ?"

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. "ಹಾಕು" ಎಂದಳು. ಎಷ್ಟೋ ದಿನದ ಮೇಲೆ ಮಗಳಿಗೆ ಆಡಿದ ಮಾತು ಅದು.

ಹುಡುಗಿ ಪೆನ್‌ಡ್ರೈವ್ ಸಿಕ್ಕಿಸಿ ಫೈಲ್ ತೆರೆದಳು. ಮೊದಲು ಕೆಂಪು ಅಕ್ಷರದಲ್ಲಿ, ಶಾಟ್ ಸಿಗುತ್ತಿಲ್ಲವೆಂದು ಬಂತು. ಅದನ್ನು ಸರಿಸಿ ಇನ್ನೇನೋ ಒತ್ತಿದಳು. ಕಪ್ಪು ಪರದೆ. ಅದರೊಳಗೆ, ಇಲ್ಲದ ಕುರ್ಚಿಯ ಮೇಲೆ, ಕೂತ ಮನುಷ್ಯನೊಬ್ಬನ ಬಿಳಿ ಆಕೃತಿ. ಅಂಗಿಯ ಕಾಲರ್ ಒಂದು ಕಡೆ ಸ್ವಲ್ಪ ಮೇಲೆದ್ದಿದೆ. ಕಿವಿಯ ಮೇಲೆ ನಾಲ್ಕು ಕೂದಲು. ಆಕೃತಿ ಮುಂದಕ್ಕೆ ಬಾಗಿತು, ಎಡಗೈಯನ್ನು ಮೊಣಕಾಲಿಗೆ ಊರಿತು, ಎದ್ದಿತು.

"ಎಡಗೈ," ಅಕ್ಕ ಪಿಸುಗುಟ್ಟಿದಳು. "ಅಯ್ಯೋ, ಇವರೇ ಕಣೇ. ಇವರೇ."

ಅವರೇ. ಮುಖ ಇಲ್ಲದಿದ್ದರೇನು, ಆ ಕುಂಟು ಹೆಜ್ಜೆ, ಭುಜ ಒಂದು ಕಡೆ ಇಳಿಬಿಟ್ಟ ಬಗೆ, ಹೊಲಿಗೆ ಮೆಷಿನ್ ದಾಟುವಾಗ ಹೊಟ್ಟೆ ಒಳಗೆಳೆದುಕೊಳ್ಳುವುದು, ಎಲ್ಲ ಅವರದೇ. ಬಾಗಿಲ ಹತ್ತಿರ ಆಕೃತಿ ನಿಂತು ನಮ್ಮ ಕಡೆ ತಿರುಗಿತು. ತಲೆ ತುಸು ವಾಲಿತು, ಕೈ ಅರ್ಧಕ್ಕೆ ಎದ್ದಿತು. ಆಮೇಲೆ ಆಚೆ ಹೋಯಿತು. ಪರದೆ ಕಪ್ಪಾಯಿತು.

"ಬಾಗಿಲಲ್ಲಿ ನಿಂತು ಏನೋ ಕೇಳಿದ್ರಲ್ಲ," ಅಕ್ಕ ಅಂದಳು. "ಏನು ಕೇಳಿದ್ರು?"

ಹುಡುಗಿ ಕಪ್ಪು ಪರದೆಯ ಕಡೆಯೇ ನೋಡುತ್ತಾ ಹೇಳಿದಳು. "'ಸಾಕಾ ಮಗಳೇ? ನಾನಿನ್ನು ಹೋಗ್ಲಾ?' ಅಂದ್ರು."

"ನೀನೇನಂದೆ?"

"ಹೋಗಪ್ಪಾ ಅಂದೆ. ನನಗೆ ಖಾಲಿ ಕೋಣೆ ಬೇಕು, ಬೇಗ ಹೋಗು ಅಂದೆ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಉಕ್ಕಿ ಬಂತು.

ಅಕ್ಕ ಅವಳನ್ನು ಎಳೆದು ಎದೆಗೆ ಒತ್ತಿಕೊಂಡಳು. "ಇವರು ತೀರಿಹೋದ ದಿನ ಬೆಳಿಗ್ಗೆ ನಾನೂ ಅದನ್ನೇ ಅಂದೆ ಕಣೇ. ಚಪ್ಪಲಿ ಹಾಕ್ಕೊಂಡು ನಿಂತು ಏನೋ ಹೇಳೋಕೆ ಬಂದ್ರು. ಹೊತ್ತಾಯ್ತು, ಬೇಗ ಹೋಗಿ ಅಂದೆ. ಏನು ಹೇಳೋಕೆ ಬಂದಿದ್ರೋ, ಕೇಳ್ಲೂ ಇಲ್ಲ ನಾನು."

ಭಾವ ಹೋದ ಮೇಲೆ ಅಕ್ಕ ಅತ್ತದ್ದು ಅದೇ ಮೊದಲು.